ಉತ್ತರದ ಗೋಡೆಗೆ ಎರಡು ಬೆರಳು

ಪೆರ್ನಿಕ್ ಎಂಬ ಗಣಿಯೂರಿನ ಅಂಚಿನ ಆ ಎಂಟು ಮಹಡಿಯ ಕಟ್ಟಡಕ್ಕೆ ರುಮ್ಯಾನಾಳನ್ನು ಮುಖ್ಯಸ್ಥೆ ಮಾಡಿದ್ದು ಅವಳ ಮೇಲಿನ ಗೌರವದಿಂದೇನಲ್ಲ. ಮೆಟ್ಟಿಲ ದೀಪ ಕೆಟ್ಟರೆ ಬೈಸಿಕೊಳ್ಳುವ, ಲಿಫ್ಟು ನಿಂತರೆ ಓಡಾಡುವ ಆ ಕೆಲಸಕ್ಕೆ ಬೇರೆ ಯಾರೂ ಹೆಗಲು ಕೊಡಲಿಲ್ಲ, ಅಷ್ಟೇ. ಶಿಶುವಿಹಾರದಲ್ಲಿ ಅಡುಗೆ ಮಾಡುತ್ತಿದ್ದ ಅವಳಿಗೆ ಮಕ್ಕಳ ರಂಪ ಅಭ್ಯಾಸವಾಗಿತ್ತು. ಬೆಳೆದವರ ರಂಪ ಅದಕ್ಕಿಂತ ಹೆಚ್ಚೇನಿದ್ದೀತು ಎಂದುಕೊಂಡು ಒಪ್ಪಿದಳು.

ಕಾಂಕ್ರೀಟಿನ ಹಲಗೆಗಳನ್ನು ಇಸ್ಪೀಟೆಲೆಯಂತೆ ಜೋಡಿಸಿ ಎಬ್ಬಿಸಿದ ಹಳೆಯ ಕಾಲದ ಕಟ್ಟಡ. ಚಳಿಗಾಲ ಬಂತೆಂದರೆ ಮಂಚವನ್ನು ಗೋಡೆಯಿಂದ ಒಂದು ಮೊಳ ದೂರ ಎಳೆದುಕೊಂಡು ಮಲಗಬೇಕು. ಬೀರುವಿನ ಹಿಂದೆ ಕಪ್ಪು ಬೂಷ್ಟು. ಕೈಯಲ್ಲಿ ಕಾಸಿದ್ದವರು ತಮ್ಮ ತಮ್ಮ ಮನೆಯ ಹೊರಗೋಡೆಗಷ್ಟೇ ಥರ್ಮಾಕೋಲ್ ಹಲಗೆ ಅಂಟಿಸಿ ಒಬ್ಬೊಬ್ಬರು ಒಂದೊಂದು ಬಣ್ಣ ಬಳಿಸಿಕೊಂಡಿದ್ದರು. ದೂರದಿಂದ ನೋಡಿದರೆ ಇಡೀ ಕಟ್ಟಡ ತೇಪೆ ಹಾಕಿದ ಕೌದಿಯಂತೆ ಕಾಣುತ್ತಿತ್ತು.

ಹೀಗಿರುವಾಗ ಸರ್ಕಾರದ ಯೋಜನೆ ಬಂತು. ಇಡೀ ಕಟ್ಟಡಕ್ಕೆ ಸರ್ಕಾರದ ಖರ್ಚಿನಲ್ಲೇ ಥರ್ಮಾಕೋಲಿನ ಹೊದಿಕೆ, ಹೊಸ ಕಿಟಕಿ, ಹೊಸ ಬಾಗಿಲು. ಮನೆಯವರು ಒಂದು ಲೆವ್ ದುಡ್ಡು ಕೂಡ ಬಿಚ್ಚಬೇಕಿಲ್ಲ. ಆದರೆ ಎಲ್ಲ ಮನೆಯವರೂ ಸಹಿ ಹಾಕಬೇಕು. ಈ ಸುದ್ದಿ ತಂದವಳು ಮೂರನೇ ಮಹಡಿಯ ಸ್ಲಾವ್ಕಾ. ರುಮ್ಯಾನಾಳೂ ಅವಳೂ ಮದುವೆಯಾಗಿ ಒಂದೇ ವರ್ಷದಲ್ಲಿ ಈ ಕಟ್ಟಡಕ್ಕೆ ಬಂದವರು. ರುಮ್ಯಾನಾಳ ಗಂಡ ತೀರಿಕೊಂಡಾಗ ವಾರವಿಡೀ ಅವಳ ಮನೆಯಲ್ಲೇ ಮಲಗಿದ್ದವಳು ಸ್ಲಾವ್ಕಾ. ಮಾತಿನಲ್ಲಿ ಚುರುಕು, ಕಚೇರಿಗಳಲ್ಲಿ ಗುರುತು. ಕೆಲಸದ ಉಸ್ತುವಾರಿಗೆ ಮೂವರ ಸಮಿತಿ ಮಾಡಿದಾಗ ರುಮ್ಯಾನಾ ಮೊದಲು ಹೇಳಿದ ಹೆಸರೇ ಅವಳದು.

ಇಬ್ಬರೂ ಮನೆ ಮನೆ ಹತ್ತಿ ಇಳಿದರು. ಎಲ್ಲರ ಸಹಿಯೂ ಬಂತು, ಎಂಟನೇ ಮಹಡಿಯ ಮೆತೋದಿಯದೊಂದು ಬಿಟ್ಟು. ಮೆತೋದಿ ಗಣಿಯಲ್ಲಿ ದುಡಿದು ನಿವೃತ್ತನಾದ, ಹೆಂಡತಿ ಕಳೆದುಕೊಂಡ ಮನುಷ್ಯ. ಅವಳು ಕಾಯಿಲೆ ಬಿದ್ದಾಗ ಮಲಗಿದಲ್ಲೇ ವಿತೋಶಾ ಬೆಟ್ಟ ಕಾಣಲಿ ಎಂದು ಬಾಲ್ಕನಿಗೆ ತಾನೇ ಮರದ ಚೌಕಟ್ಟು ಕೂಡಿಸಿ ಗಾಜು ಹಾಕಿದ್ದ. ಹೊಸ ಯೋಜನೆಯಲ್ಲಿ ಅದನ್ನು ಕಿತ್ತು ಹಾಕಬೇಕಿತ್ತು.

ರುಮ್ಯಾನಾ ಮತ್ತೆ ಮತ್ತೆ ಹೋದಳು. ಒಂದು ಸಲ ಚೀಸು ತುಂಬಿದ ಪದರ ರೊಟ್ಟಿ ಬನಿತ್ಸಾ ಬೇಯಿಸಿ ಬಿಸಿಬಿಸಿಯಾಗಿ ತೆಗೆದುಕೊಂಡು ಹೋದಳು. ಮೆತೋದಿ ಅದನ್ನು ತಿಂದ, ಚೆನ್ನಾಗಿದೆ ಅಂದ, ಸಹಿ ಮಾತ್ರ ಹಾಕಲಿಲ್ಲ. ಕೊನೆಗೆ ಒಂದು ಸಂಜೆ ಅವಳು ಅವನ ಮುಂದೆ ಕೂತು, ಉತ್ತರ ದಿಕ್ಕಿನ ನಿಮ್ಮ ಕೋಣೆ ಬೆಚ್ಚಗಾಗುತ್ತದೆ, ಅದಕ್ಕೆ ನಾನು ಹೊಣೆ ಎಂದಳು. ಮೆತೋದಿ ಕಾಗದವನ್ನು ತನ್ನ ಕಡೆಗೆ ಎಳೆದುಕೊಂಡ.

"ನೋಡಮ್ಮಾ, ಸರ್ಕಾರ ಬಿಟ್ಟಿಯಾಗಿ ಕೊಟ್ಟಿದ್ದನ್ನ ನಾನು ಈ ಜನ್ಮದಲ್ಲಿ ಕಂಡಿಲ್ಲ. ನಿನ್ನ ಮುಖ ನೋಡಿ ಹಾಕ್ತಿದೀನಿ," ಎಂದು ಸಹಿ ಹಾಕಿದ.

ಬೇಸಿಗೆಯಲ್ಲಿ ಕಟ್ಟಡದ ಸುತ್ತ ಸಾರುವೆ ಎದ್ದಿತು. ಮೆತೋದಿಯ ಮರದ ಚೌಕಟ್ಟು ಕಳಚಿ ಕೆಳಗಿಳಿಯಿತು. ಗುತ್ತಿಗೆದಾರನ ಕಡೆಯ ಎಂಜಿನಿಯರ್ ದಿನಾ ಬಂದು ಸ್ಲಾವ್ಕಾಳ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಿದ್ದ. ರುಮ್ಯಾನಾ ಹಗಲೆಲ್ಲ ಶಿಶುವಿಹಾರದಲ್ಲಿರುತ್ತಿದ್ದಳು. ಗೆಳತಿ ನೋಡಿಕೊಳ್ಳುತ್ತಾಳಲ್ಲ ಎಂಬ ನೆಮ್ಮದಿ ಅವಳಿಗೆ. ದಕ್ಷಿಣದ ಕಡೆ ಕೆಲಸ ನಿಧಾನವಾಗಿ ನಡೆಯಿತು. ಉತ್ತರದ ಗೋಡೆ ನೋಡನೋಡುತ್ತಲೇ ಮುಗಿದುಹೋಯಿತು. ಕೌದಿ ಮಾಯವಾಗಿ ಕಟ್ಟಡ ಇಡಿಯಾಗಿ ಕೆನೆ ಬಣ್ಣದ್ದಾದಾಗ ರುಮ್ಯಾನಾ ಎದುರು ರಸ್ತೆಯಲ್ಲಿ ನಿಂತು, ಬಸ್ಸು ಹೋದರೂ ಲೆಕ್ಕಿಸದೆ ನೋಡುತ್ತಲೇ ಇದ್ದಳು.

ಹಿಮ ಬಿದ್ದಾಗ ಅವಳ ಮನೆ ನಿಜಕ್ಕೂ ಬೆಚ್ಚಗಿತ್ತು. ಅವಳದು ದಕ್ಷಿಣದ ಕಡೆ. ಮೆತೋದಿ ಮಾತ್ರ ಮೆಟ್ಟಿಲಲ್ಲಿ ಸಿಕ್ಕರೂ ಮಾತಾಡುತ್ತಿರಲಿಲ್ಲ. ಆಮೇಲೊಂದು ಭಾನುವಾರ ಅವನೇ ಬಾಗಿಲು ತಟ್ಟಿ ಅವಳನ್ನು ಮೇಲಕ್ಕೆ ಕರೆದುಕೊಂಡು ಹೋದ. ಉತ್ತರದ ಕೋಣೆಯ ಮೂಲೆಯಲ್ಲಿ ನೀರು ಒಸರಿ ಬೂಷ್ಟು ಹಿಡಿದಿತ್ತು. ಡಿಶ್ ಕೂಡಿಸಲು ಕಿಟಕಿಯ ಪಕ್ಕ ಹೊರಗೋಡೆ ಕೊರೆದಾಗ ಕಿತ್ತುಬಂದ ಹೊದಿಕೆಯ ತುಂಡನ್ನು ಅವಳ ಕೈಗಿಟ್ಟ. ನಕ್ಷೆಯಲ್ಲಿ ಬರೆದಿದ್ದುದು ನಾಲ್ಕು ಬೆರಳಿನ ದಪ್ಪ. ಇದು ಎರಡು ಬೆರಳಿತ್ತು.

ಅವಳು ನೆಟ್ಟಗೆ ಸ್ಲಾವ್ಕಾಳ ಮನೆಗೆ ಇಳಿದಳು. ಸ್ಲಾವ್ಕಾಳದೂ ಉತ್ತರದ ಕಡೆಯ ಮನೆಯೇ. ಅಲ್ಲಿ ಕಾಲಿಟ್ಟರೆ ಹದವಾದ ಬಿಸುಪು, ಗೋಡೆ ಒಣಗಿ ಗರಿಗರಿ. ರುಮ್ಯಾನಾ ಬಾಲ್ಕನಿಗೆ ಹೋಗಿ, ನೀರಿನ ಕೊಳವೆ ಹೊರಬರುವಲ್ಲಿ ಹೊದಿಕೆಯ ಅಂಚಿಗೆ ಕೈಯಿಟ್ಟು ನೋಡಿದಳು. ನಾಲ್ಕು ಬೆರಳೂ ತುಂಬ ಕೂತವು.

ಸ್ಲಾವ್ಕಾ ಸುಳ್ಳು ಹೇಳಲಿಲ್ಲ. ಬೇಸಿಗೆಯಲ್ಲೇ ತನಗೆ ಗೊತ್ತಾಗಿತ್ತು ಅಂದಳು. ದಪ್ಪದ ಹಲಗೆ ಉತ್ತರದ ಗೋಡೆಗೆ ಸಾಲುವುದಿಲ್ಲ, ನಿಮ್ಮ ಮನೆಗೆ ಮಾತ್ರ ಸರಿಯಾಗಿ ಮಾಡಿಕೊಡುತ್ತೇವೆ, ತಕರಾರು ಎತ್ತಬೇಡಿ ಎಂದು ಎಂಜಿನಿಯರ್ ಹೇಳಿದ್ದನಂತೆ.

"ನಂಗೆ ಒಂದು ಮಾತು ಹೇಳಬಾರದಿತ್ತೇನೇ?" ಎಂದಳು ರುಮ್ಯಾನಾ.

"ಹೇಳಿದ್ರೆ ನೀನು ಕೆಲಸಾನೇ ನಿಲ್ಲಿಸ್ತಿದ್ದೆ. ಆಗ ಯಾರಿಗೂ ಏನೂ ಸಿಕ್ತಿರಲಿಲ್ಲ. ನಿನ್ನ ಮನೆ ಬೆಚ್ಚಗಿದೆ ತಾನೆ? ಮತ್ತೇನು ಬೇಕು ನಿಂಗೆ?"

ರುಮ್ಯಾನಾ ಆ ತುಂಡನ್ನು ಹಿಡಿದುಕೊಂಡು ಹೊರಟಳು. ಆ ದಿನ ಅವಳಿಗೆ ಅಳುವೂ ಬರಲಿಲ್ಲ.

ಕೆಲಸ ಸರಿಯಾಗಿ ಮುಗಿದಿದೆ ಎಂದು ಮುಖ್ಯಸ್ಥೆ ಕೊನೆಯ ಸಹಿ ಹಾಕುವುದು ಇನ್ನೂ ಬಾಕಿಯಿತ್ತು. ಹಾಕುವುದಿಲ್ಲ ಎಂದು ಅವಳು ಪಟ್ಟು ಹಿಡಿದಳು. ಕೆಳಗಿನ ಮೆಟ್ಟಿಲ ಬಳಿ ಎಲ್ಲರನ್ನೂ ಕೂಡಿಸಿ ಆ ತುಂಡನ್ನು ತೋರಿಸಿದಳು. ಉತ್ತರದ ಕಡೆಯವರಾದರೂ ತನ್ನ ಪರ ನಿಲ್ಲುತ್ತಾರೆ ಎಂದು ಗಟ್ಟಿಯಾಗಿ ನಂಬಿದ್ದಳು. ಆದರೆ ಅವಳಿಗಿಂತ ಮೊದಲೇ ಒಂದು ಸುದ್ದಿ ಮನೆ ಮನೆ ಸುತ್ತಿ ಬಂದಿತ್ತು: ಸಹಿ ಬೀಳದಿದ್ದರೆ ಸರ್ಕಾರ ಕೊಟ್ಟ ದುಡ್ಡನ್ನೆಲ್ಲ ಮನೆಯವರಿಂದಲೇ ವಸೂಲಿ ಮಾಡುತ್ತದೆ. ಯಾರು ಹಬ್ಬಿಸಿದರು ಎಂದು ಕೇಳಬೇಕಾಗಿರಲಿಲ್ಲ. ಜನ ನೆಲ ನೋಡುತ್ತ ನಿಂತರು. ಗೋಡೆ ಒದ್ದೆಯಾಗಿ ಮಗುವಿಗೆ ಕೆಮ್ಮು ಬಿಡುತ್ತಿಲ್ಲ ಎಂದು ಹಿಂದಿನ ದಿನವಷ್ಟೇ ಅವಳ ಬಳಿ ದೂರಿದ್ದ ಐದನೇ ಮಹಡಿಯ ಹೆಂಗಸು, "ಇದ್ದಿದ್ರಲ್ಲೇ ಹೊಂದ್ಕೊಂಡು ಹೋಗೋಣ ಬಿಡಕ್ಕ," ಅಂದಳು.

ಯಾರೋ ಮುಖ್ಯಸ್ಥೆಯನ್ನೇ ಬದಲಾಯಿಸೋಣ ಅಂದರು. ಒಂದೊಂದಾಗಿ ಕೈಗಳು ಎದ್ದವು. ಆ ಕೈಗಳಲ್ಲಿ ಜ್ವರ ಬಂದಾಗ ರುಮ್ಯಾನಾ ಗಂಜಿ ಕಾಯಿಸಿ ಕೊಟ್ಟಿದ್ದವರ ಕೈಗಳೂ ಇದ್ದವು. ಸ್ಲಾವ್ಕಾ ಹೊಸ ಮುಖ್ಯಸ್ಥೆಯಾದಳು.

ಮೆತೋದಿ ಕೈ ಎತ್ತಲಿಲ್ಲ. ಜನ ಚದುರಿದ ಮೇಲೆ ರುಮ್ಯಾನಾ ಅವನ ಹತ್ತಿರ ಹೋಗಿ, "ಮೆತೋದಿ ಅಣ್ಣ, ನಂಗೆ ಗೊತ್ತಿರಲಿಲ್ಲ," ಅಂದಳು.

"ಅವರನ್ನ ನಂಬಿ ನಾನು ಸಹಿ ಹಾಕಿರಲಿಲ್ಲ," ಎಂದು ಅವನು ಲಿಫ್ಟಿನ ಬಾಗಿಲು ಎಳೆದುಕೊಂಡ.

ಸ್ಲಾವ್ಕಾ ಮರುದಿನ ಬೆಳಿಗ್ಗೆಯೇ ಸಹಿ ಹಾಕಿದಳು. ಆಮೇಲೆ ಅಂಗಳದಲ್ಲಿ ಮೇಜು ಹಾಕಿ, ರಿಬ್ಬನ್ ಕತ್ತರಿಸಿ, ವೈನು ಹಂಚಿದರು. ರುಮ್ಯಾನಾ ರಾಜಧಾನಿ ಸೋಫಿಯಾದ ಕಚೇರಿಗೆ ದೂರು ಬರೆದಳು. ಇಂಥ ದೂರನ್ನು ಕಟ್ಟಡದ ಮುಖ್ಯಸ್ಥರೇ ಸಲ್ಲಿಸಬೇಕು ಎಂದು ಉತ್ತರ ಬಂತು.

ವಸಂತದಲ್ಲಿ ಅವಳು ತಾನು ಕೂಡಿಟ್ಟ ದುಡ್ಡಿನಲ್ಲಿ ಒಬ್ಬ ಕೆಲಸಗಾರನನ್ನು ಗೊತ್ತುಮಾಡಿ, ಮೆತೋದಿಯ ಕೋಣೆಗೆ ಒಳಗಿನಿಂದ ಹಲಗೆ ಹೊದಿಸಲು ಕರೆದುಕೊಂಡು ಹೋದಳು. ಮೊದಲ ಸಲ ಮೆತೋದಿ ಬಾಗಿಲು ತೆರೆಯಲಿಲ್ಲ. ಎರಡನೇ ಸಲ ತೆರೆದು, ಕೆಲಸಗಾರನನ್ನು ಒಳಗೆ ಬಿಟ್ಟುಕೊಂಡು, ಅವಳನ್ನು ಹೊಸ್ತಿಲಲ್ಲೇ ನಿಲ್ಲಿಸಿದ. ಅವಳು ಮೆಟ್ಟಿಲ ಮೇಲೆ ಕೂತು ಕೆಲಸ ಮುಗಿಯುವವರೆಗೂ ಕಾದಳು. ಕೋಣೆ ಕೈಯಗಲ ಕಿರಿದಾಯಿತು, ಆದರೆ ಒಣಗಿತು. ಮುಂದಿನ ಚಳಿಗಾಲ ಮೆತೋದಿ ಅವಳಿಗೆ ತಲೆಯಾಡಿಸಿ ಹೋಗುವಷ್ಟು ಮೆತ್ತಗಾದ. ಹಳೆಯ ಸಲಿಗೆ ಮಾತ್ರ ಬರಲಿಲ್ಲ.

ಸ್ಲಾವ್ಕಾ ಈಗಲೂ ಮೆಟ್ಟಿಲಲ್ಲಿ ಎದುರಾದರೆ, ಏನೂ ನಡೆದೇ ಇಲ್ಲವೆಂಬಂತೆ ಚೆನ್ನಾಗಿದೀಯಾ ಎಂದು ಕೇಳುತ್ತಾಳೆ. ರುಮ್ಯಾನಾ ಪಕ್ಕಕ್ಕೆ ಸರಿದು ದಾರಿ ಬಿಡುತ್ತಾಳೆ. ಮನೆಗೆ ಬಂದು ಕೋಟು ಕಳಚಿದರೆ ಒಳಗೆಲ್ಲ ಬೆಚ್ಚಗೆ. ಆ ಬಿಸುಪನ್ನು ಮಾತ್ರ ಅವಳಿಗೆ ಸಹಿಸಲಾಗುವುದಿಲ್ಲ.