ಲೇಡಿ ಟ್ರೆನ್ವಿಕ್ ಅನ್ನಬ್ಯಾಡ್ರಿ

ಅತ್ತೆ ತನ್ನನ್ನು ಹೆಸರು ಹಿಡಿದು ಕರೆದದ್ದು ಅನಸೂಯಳಿಗೆ ನೆನಪಿರಲಿಲ್ಲ. ಇಂಗ್ಲೆಂಡಿನಿಂದ ಫೋನ್ ಮಾಡಿದಾಗಲೆಲ್ಲ "ನೈಜೆಲ್ ಇದ್ದಾನೆಯೇ?" ಎಂದಷ್ಟೇ ಕೇಳುತ್ತಿದ್ದ ಆ ಮುದುಕಿ, ಹಿರಿಯ ಮಗ ಆರ್ಥರ್ ತೀರಿಕೊಂಡ ವಾರದಲ್ಲೇ ಗಂಟಲು ಸರಿಮಾಡಿಕೊಂಡು, "ಇನ್ನು ನೀನು ಲೇಡಿ ಟ್ರೆನ್ವಿಕ್. ಅದಕ್ಕೆ ತಕ್ಕ ಹಾಗೆ ಇರಬೇಕು" ಎಂದಳು.

ಅನಸೂಯ ಧಾರವಾಡದ ಮಾಳಮಡ್ಡಿಯವಳು. ಫಿಸಿಯೋಥೆರಪಿ ಓದಿ ಹ್ಯೂಸ್ಟನ್ನಿನ ಆಸ್ಪತ್ರೆಗೆ ಬಂದಿದ್ದಳು. ತೈಲ ಕಂಪನಿಯಲ್ಲಿ ಭೂವಿಜ್ಞಾನಿಯಾಗಿದ್ದ ನೈಜೆಲ್, ಕ್ರಿಕೆಟ್ ಆಡಲು ಹೋಗಿ ಮಂಡಿ ಮುರಿದುಕೊಂಡು ಅವಳ ಕೈಗೆ ಸಿಕ್ಕ. ಅವಳು ಗದರಿಸಿ ಗದರಿಸಿ ಅವನಿಗೆ ಮತ್ತೆ ನಡೆಯುವುದನ್ನು ಕಲಿಸಿದಳು. ದೇವಸ್ಥಾನದಲ್ಲಿ ಮದುವೆಯಾದಾಗ ಗಂಡಿನ ಕಡೆಯಿಂದ ಒಂದು ನರಪಿಳ್ಳೆಯೂ ಬರಲಿಲ್ಲ. ತನ್ನದು ಬ್ಯಾರನ್‌ಗಳ, ಅಂದರೆ ವಂಶಪಾರಂಪರ್ಯವಾಗಿ ಲಾರ್ಡ್ ಪದವಿ ಬರುವವರ ಮನೆತನವೆಂದು ನೈಜೆಲ್ ಹೇಳಿದ್ದೂ ತಮಾಷೆಯಾಗಿಯೇ. ಪಟ್ಟವೆಲ್ಲ ಅಣ್ಣನಿಗೆ, ತನಗೇನಿದ್ದರೂ ಮುರಿದ ಮಂಡಿ ಎನ್ನುತ್ತಿದ್ದ. ಆಮೇಲೆ ಪ್ರಗತಿ ಹುಟ್ಟಿದಳು, ಓದಿದಳು, ಆಸ್ಟಿನ್‌ನಲ್ಲಿ ಕೆಲಸಕ್ಕೆ ಸೇರಿದಳು. ಮಗಳಿಗೆ ಹತ್ತಿರವಿರಲೆಂದು ಗಂಡ ಹೆಂಡತಿ ಜಾರ್ಜ್‌ಟೌನ್‌ನಲ್ಲಿ ಹೊಸ ಮನೆ ಕೊಂಡರು.

ಆರ್ಥರನಿಗೆ ಮಕ್ಕಳಿರಲಿಲ್ಲ. ಹೀಗಾಗಿ ಪಟ್ಟ ನೈಜೆಲ್‌ಗೆ ಬಂತು. ಅವನ ನಂತರ ಅದು ಮಗಳಿಗೆ ಬರುವ ಹಾಗಿಲ್ಲ. ಗಂಡಸರ ಸಾಲಿನಲ್ಲೇ ಹೋಗಬೇಕು. ಅಂದರೆ ನೈಜೆಲ್‌ನ ಚಿಕ್ಕಪ್ಪನ ಮಗ ಹ್ಯೂಗೊಗೆ. ಈ ವಿಷಯ ತಿಳಿದಾಗ ಅನಸೂಯಳಿಗೆ ಸಿಟ್ಟು ಬಂತು, ಆದರೆ ದೂರದ ಸಿಟ್ಟು. ಪ್ರಗತಿ ನಕ್ಕು, "ಅಮ್ಮಾ, ಹೂ ಕೇರ್ಸ್?" ಎಂದಿದ್ದಳು.

"ನಿನಗ ಬ್ಯಾಡಂತ ನೀ ಹೇಳಬೇಕವಾ. ಕೊಡೂದಿಲ್ಲಂತ ಅವರ್ಯಾಕ ಹೇಳಬೇಕು?"

ಮಾರ್ಚ್‌ನಲ್ಲಿ ಹ್ಯೂಗೊ ಯಾವುದೋ ಸಮ್ಮೇಳನಕ್ಕೆಂದು ಆಸ್ಟಿನ್‌ಗೆ ಬಂದವನು ಜಾರ್ಜ್‌ಟೌನ್‌ಗೆ ಊಟಕ್ಕೆ ಬಂದ. ಕೆಟ್ಟವನೇನಲ್ಲ. ಜೋಳದ ರೊಟ್ಟಿ, ಎಣ್ಣೆಗಾಯಿಯನ್ನು ಮೂಗು ಸೋರುತ್ತಿದ್ದರೂ ಹೊಗಳಿಕೊಂಡು ತಿಂದ. ವಂಶವೃಕ್ಷದ ಪ್ರತಿಯನ್ನು ಮೇಜಿನ ಮೇಲೆ ಹಾಸಿ ಒಂದೊಂದು ಕೊಂಬೆಯನ್ನೂ ತೋರಿಸಿದ. ಎರಡನೆಯ ಲೋಟ ವೈನ್ ಮುಗಿಯುವ ಹೊತ್ತಿಗೆ ಅವನ ನಾಲಿಗೆ ಸಡಿಲಾಯಿತು.

"ಪ್ರಗತಿ ಹುಟ್ಟಿದಾಗ ದೊಡ್ಡಮ್ಮ, ಅಂದರೆ ನಿಮ್ಮ ಅತ್ತೆ, ಷಾಂಪೇನ್ ತೆಗೆದಿದ್ದು ನಿಮಗೆ ಗೊತ್ತೇ? ಆವತ್ತು ಸಂಜೆ ನಾನೂ ಅಲ್ಲೇ ಇದ್ದೆ."

ಅನಸೂಯಳ ಮುಖ ಅರಳಿತು. "ಹೌದೇ? ಅಷ್ಟು ಖುಷಿಪಟ್ಟರೇ?"

"ಖುಷಿಯೇ? ಒಂಬತ್ತು ತಿಂಗಳು ಆಕೆ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಆರ್ಥರನಿಗೆ ಮಕ್ಕಳಾಗುವುದಿಲ್ಲ ಅಂತ ಡಾಕ್ಟರ್ ಆಗಲೇ ಹೇಳಿಬಿಟ್ಟಿದ್ದರಲ್ಲ, ನಿಮಗೆ ಗಂಡಾಗಿದ್ದರೆ..." ಅಲ್ಲಿಗೆ ಅವನಿಗೆ ತಾನು ಏನು ಹೇಳುತ್ತಿದ್ದೇನೆಂದು ಹೊಳೆಯಿತು. ಕಿವಿ ಕೆಂಪಾದವು. "ಅದೆಲ್ಲ ಹಳೇ ಕಾಲದವರ ಯೋಚನೆ ಬಿಡಿ."

ಹೆಣ್ಣು ಹುಟ್ಟಿತೆಂದು ಧಾರವಾಡದ ಸೋದರತ್ತೆ ಅತ್ತಿದ್ದಳು. ಹೆಣ್ಣು ಹುಟ್ಟಿತೆಂದು ಇಂಗ್ಲೆಂಡಿನ ಅಜ್ಜಿ ಹಬ್ಬ ಮಾಡಿದ್ದಳು, ಕಂದು ಬಣ್ಣದ ಹುಡುಗನೊಬ್ಬ ಲಾರ್ಡ್ ಟ್ರೆನ್ವಿಕ್ ಆಗುವುದು ತಪ್ಪಿತೆಂದು. ಅನಸೂಯ ವಂಶವೃಕ್ಷದ ಮೇಲಿದ್ದ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಎಣ್ಣೆಗಾಯಿಯ ಜಿಡ್ಡು ನಾಲ್ಕನೆಯ ಬ್ಯಾರನ್ನನ ಮೇಲೆ ಉಂಗುರದ ಹಾಗೆ ಉಳಿಯಿತು.

ಹ್ಯೂಗೊನ ಕಾರು ತಿರುವು ದಾಟುವುದನ್ನೇ ಕಾಯುತ್ತಿದ್ದವಳು ಗಂಡನ ಎದುರು ಬಂದು ನಿಂತಳು.

"ನಿನಗ ಗೊತ್ತಿತ್ತೇನು?"

ಇಷ್ಟು ವರ್ಷದ ಸಂಸಾರದಲ್ಲಿ ನೈಜೆಲ್ ಕಲಿತ ಕನ್ನಡ ಅಷ್ಟಕ್ಕಷ್ಟೇ. ಆದರೂ ಈ ಪ್ರಶ್ನೆ ಅರ್ಥವಾಯಿತು. ನೆಲ ನೋಡುತ್ತ ತಲೆಯಾಡಿಸಿದ. "ನಿನಗೆ ನೋವಾಗುತ್ತದೆ ಅಂತ ಹೇಳಲಿಲ್ಲ."

"ನನಗ ನೋವಾಗ್ತದಂತ! ವರ್ಷಾ ವರ್ಷಾ ಆಕಿಗೆ ಕ್ರಿಸ್‌ಮಸ್‌ಗೆ ಶಾಲು ಕಳಿಸೀನಲ್ಲೋ! ಆರಿಸಿ, ಇಸ್ತ್ರಿ ಮಾಡಿ ಕಳಿಸೀನಿ! ನೀ ಸುಮ್ಮನ ನೋಡಿಕೋತ ಕೂತಿದ್ದಿ!"

ಉಳಿದದ್ದನ್ನು ಅವನಿಗೆ ಸ್ಪಷ್ಟವಾಗಿ ತಿಳಿಯಲೆಂದು ಇಂಗ್ಲಿಷಿನಲ್ಲೇ ಹೇಳಿದಳು. ಪಟ್ಟ ಬಂದ ಒಂದು ವರ್ಷದೊಳಗೆ ಬೇಡವೆಂದು ಬಿಟ್ಟುಕೊಡುವುದಕ್ಕೆ ಕಾನೂನಿನಲ್ಲಿ ದಾರಿಯಿದೆ. ಬಿಟ್ಟುಕೊಡು. ನೈಜೆಲ್ ತಡವರಿಸಿದ. ಅಪ್ಪ, ಅಜ್ಜ, ಮುತ್ತಜ್ಜ ಎಂದ. ಬದುಕಿನುದ್ದಕ್ಕೂ ಅವನು ಆ ಹೆಸರನ್ನು ಒಳಗೊಳಗೇ ಬಯಸಿದ್ದನೆಂದು ಅವಳಿಗೆ ತಿಳಿದದ್ದು ಆಗಲೇ. ಅದು ಷಾಂಪೇನಿಗಿಂತ ಹೆಚ್ಚು ಉರಿಯಿತು.

ಅವಳು ಅವನೊಂದಿಗೆ ಮಾತು ಬಿಟ್ಟಳು. ಜಾರ್ಜ್‌ಟೌನ್‌ನ ತನ್ನ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಹೋಗಿ ಬರುವಳು, ಅಡಿಗೆ ಮಾಡುವಳು, ಬೇರೆ ಕೋಣೆಯಲ್ಲಿ ಮಲಗುವಳು. ಈ ನಡುವೆ ಡಲ್ಲಾಸ್ ಕಡೆಯ ಕನ್ನಡ ಸಂಘದ ಅಪ್ಪಾಸಾಹೇಬ ಮೆಕಿನ್ನಿ ಊರಿನಿಂದ ಫೋನ್ ಮಾಡಿದ.

"ನಮ್ಮ ಧಾರವಾಡದ ಹೆಣ್ಣುಮಗಳು ಲೇಡಿ ಆದ್ಲಂದ್ರ ಸಣ್ಣ ಮಾತೇನ್ರಿ ಅಕ್ಕಾರ? ಯುಗಾದಿ ಫಂಕ್ಷನ್‌ಗೆ ಸನ್ಮಾನ ಮಾಡ್ತೀವಿ. ಒಂದು ಗಂಡುಮಗ ಇದ್ದಿದ್ರ ಇನ್ನೂ ಚಲೋ ಇತ್ತು ನೋಡ್ರಿ!"

"ಲೇಡಿ ಟ್ರೆನ್ವಿಕ್ ಅನ್ನಬ್ಯಾಡ್ರಿ ನನಗ. ಮುರದ ಕಾಲು ಎಷ್ಟು ನಡಸೀನಿ, ಅದಕ್ಕ ಸನ್ಮಾನ ಮಾಡ್ರಿ, ಬರ್ತೀನಿ. ಗಂಡುಮಗನ ಮಾತು ಇನ್ನೊಮ್ಮೆ ಎತ್ತಿದ್ರ ವೇದಿಕಿ ಮ್ಯಾಲೆ ಬಂದು ಉತ್ತರಾ ಕೊಡ್ತೀನಿ!" ಅಪ್ಪಾಸಾಹೇಬ ಮತ್ತೆ ಫೋನ್ ಮಾಡಲಿಲ್ಲ.

ವರ್ಷದ ಗಡುವು ಮುಗಿಯುವುದಕ್ಕೆ ಕೆಲವೇ ದಿನವಿರುವಾಗ ನೈಜೆಲ್ ಕ್ಲಿನಿಕ್ಕಿಗೇ ಬಂದ. ರೋಗಿಗಳ ಬೆಂಚಿನ ಮೇಲೆ ಕೂತು ಒಳಗಿದ್ದ ರೋಗಿಯನ್ನು ಅವಳು ಕಳಿಸುವವರೆಗೆ ಕಾದ. "ಸಹಿ ಹಾಕಿ ಕಳಿಸಿದೆ" ಎಂದ. ಅವನು ಬದುಕಿರುವವರೆಗೆ ಇನ್ನು ಲಾರ್ಡ್ ಟ್ರೆನ್ವಿಕ್ ಎಂಬುವವನೇ ಇಲ್ಲ. ಹ್ಯೂಗೊ ಕೂಡ ಕಾಯಬೇಕು. ಸುದ್ದಿ ಕೇಳಿದ ತಾಯಿ ಫೋನಿನಲ್ಲಿ ಕಿರುಚಿದಳಂತೆ. ನಿನ್ನ ಹೆಂಡತಿ ಮನೆತನ ಮುಳುಗಿಸಿದಳು ಅಂದಳಂತೆ.

"ನೀನೇನಂದಿ?"

"ಹೆಂಡತಿ ಅಲ್ಲ, ನಾನೇ ಅಂದೆ. ಷಾಂಪೇನಿನ ಮಾತನ್ನೂ ಎತ್ತಿದೆ. ಮೊದಲ ಸಲ."

ಅನಸೂಯಳಿಗೆ ಅಳು ಬರಬಹುದಿತ್ತು, ಬರಲಿಲ್ಲ. ಸಿಟ್ಟು ಇಳಿದಿತ್ತೇ ಹೊರತು ಹೋಗಿರಲಿಲ್ಲ. ಇಷ್ಟು ವರ್ಷ ಮುಚ್ಚಿಟ್ಟದ್ದಕ್ಕೆ ಒಂದು ಸಹಿ ಸಾಲುತ್ತದೆಯೇ?

"ಪ್ರಗತಿಗೆ ನಾನು ಇದನ್ನೆಲ್ಲ ಹೇಳಿಲ್ಲ" ಎಂದಳು. "ಅವಳು ಹುಟ್ಟಿದ ದಿನ ನಿಮ್ಮ ಮನೆಯಲ್ಲಿ ಏನಾಯಿತು ಅಂತ ನೀನೇ ಹೋಗಿ ಹೇಳು. ನಾನು ಬರುವುದಿಲ್ಲ."

ನೈಜೆಲ್ ಕುಂಟುವ ಕಾಲನ್ನು ಎಳೆದುಕೊಂಡು ಎದ್ದು ಕಾರಿನ ಕಡೆ ಹೋದ. ಅವನು ಆಸ್ಟಿನ್ ರಸ್ತೆಗೆ ತಿರುಗಿದ್ದನ್ನು ಕಿಟಕಿಯಲ್ಲಿ ನೋಡಿ ಅನಸೂಯ ಮುಂದಿನ ರೋಗಿಯನ್ನು ಒಳಗೆ ಕರೆದಳು.