ಪಾರ್ಕಿಂಗ್ ಹುಡುಕಿದವರಿಗೆ ಚಕ್ಕೋತ

ಮೊದಲ ಫೋನು ಬಂದದ್ದು ಪಾರ್ಕಿಂಗ್ ಕೇಳಿಕೊಂಡು ಎಂದು ನಾನು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಅತ್ತಿಗೆ ಒಪ್ಪುವುದಿಲ್ಲ, ಮೊದಲು ಮಾಡಿದವರು ರೂಮು ಕೇಳಿದ್ದರಂತೆ. ಆಗ ನಾನು ಪಕ್ಕದಲ್ಲಿದ್ದೆನೋ, ಅವರು ಹೇಳಿದ್ದನ್ನು ಕೇಳಿ ಕೇಳಿ ಇದ್ದೆ ಎಂದುಕೊಂಡೆನೋ, ಅದೂ ಖಚಿತವಿಲ್ಲ. ಇಬ್ಬರೂ ಒಪ್ಪುವುದು ಇಷ್ಟೇ: ಆ ವಾರ ಫೋನು ಮಾಡಿದ ಒಬ್ಬರೂ ಚಕ್ಕೋತದ ಗಿಡ ಕೇಳಲಿಲ್ಲ.

ದೇವನಹಳ್ಳಿಯಿಂದ ನಲ್ಲೂರಿಗೆ ಹೋಗುವ ದಾರಿಯಲ್ಲಿರುವ ನಮ್ಮ ಜಮೀನಿನಲ್ಲಿ ಅತ್ತಿಗೆ ಚಕ್ಕೋತದ ಸಸಿ ಮಾಡುತ್ತಾರೆ. ಮೂರು ಹಳೆಯ ಮರಗಳಿವೆ. ಅವುಗಳ ಕೊಂಬೆಗೆ ಗೂಟಿ ಕಟ್ಟುತ್ತಾರೆ: ತೊಗಟೆಯನ್ನು ಬಳೆಯಷ್ಟು ಅಗಲ ಸುಲಿದು, ಒದ್ದೆ ಮಣ್ಣು ಮೆತ್ತಿ, ಪ್ಲಾಸ್ಟಿಕ್ ಸುತ್ತಿ, ಬೇರು ಬಿಟ್ಟ ಮೇಲೆ ಕತ್ತರಿಸಿ ನೆಡುವುದು. ಅಣ್ಣ ಕಂಪನಿ ನೌಕರ. ವಿಮಾನ ಹತ್ತಲು ಹೋಗುವವರ ಕಾರು ನಿಲ್ಲಿಸಲು ಆ ಜಾಗವನ್ನು ಬಾಡಿಗೆಗೆ ಕೊಡಬೇಕೆಂಬುದು ಅವನ ಆಸೆ. ಆ ಮಳೆಗಾಲದಲ್ಲಿ ಸಸಿಗಳು ಮಾರಾಟವಾಗದಿದ್ದರೆ ಜಾಗ ಬಿಟ್ಟುಕೊಡುತ್ತೇನೆಂದು ಅತ್ತಿಗೆ ಮಾತು ಕೊಟ್ಟಿದ್ದರು. ಅದಕ್ಕೇ ವೆಬ್‌ಸೈಟು.

ಬೆಂಗಳೂರಿನ ಒಬ್ಬಾತ ಮಾಡಿಕೊಟ್ಟ. ಚಕ್ಕೋತದ ಗಿಡ ಎಂದು ಹುಡುಕಿದರೆ ನಿಮ್ಮದೇ ಮೊದಲು ಬರುತ್ತದೆ ಎಂದು ಅತ್ತಿಗೆಯ ಫೋನಿನಲ್ಲೇ ತೋರಿಸಿದ. ಬಂತು. ಅಣ್ಣನ ಫೋನಿನಲ್ಲೂ ನನ್ನ ಫೋನಿನಲ್ಲೂ ಬಂತು. ಮನೆಯವರೆಲ್ಲ ಬೆಳಗಿನ ಕಾಫಿಗೆ ಮೊದಲೇ ಒಮ್ಮೆ ಹುಡುಕಿ, ಮೇಲೆ ನಮ್ಮದೇ ಇರುವುದನ್ನು ಕಂಡು ಸಮಾಧಾನಪಡುತ್ತಿದ್ದೆವು. ದಿನಾ ನಾವೇ ತೆರೆಯುವ ಪುಟವನ್ನು ನಮ್ಮ ಫೋನು ನಮಗೇ ಮೊದಲು ತೋರಿಸಬಹುದು ಎಂಬುದು, ಎಂ.ಎ. ಮಾಡಿ ಕಂಡದ್ದಕ್ಕೆಲ್ಲ ಆಧಾರ ಕೇಳುವ ನನಗೂ ಹೊಳೆಯಲಿಲ್ಲ.

ಹೊರಗಿನವರಿಗೆ ನಾವು ಕಂಡದ್ದೇ ಬೇರೆ ರೂಪದಲ್ಲಿ.

“ಅಕ್ಕಾ, ಮೂರು ದಿನ ಕಾರ್ ಬಿಡ್ಬೇಕಿತ್ತು. ನೆರಳಿದ್ಯಾ?”

“ಇದೆ ಕಣಪ್ಪಾ, ಚಕ್ಕೋತದ ಮರದ್ದು. ಹಣ್ಣು ಬಿದ್ರೆ ಗಾಜು ಹೋಗುತ್ತೆ, ಪರ್ವಾಗಿಲ್ವಾ?”

ಅಣ್ಣನಿಗೆ ನಗು ತಡೆಯಲಾಗಲಿಲ್ಲ. “ನೋಡ್ದೇನೋ, ಲೋಕಾನೇ ಪಾರ್ಕಿಂಗ್ ಕೇಳ್ತಿದೆ. ನಿಮ್ಮತ್ತಿಗೆ ಒಬ್ಳು ಗಿಡ ಕೊಡ್ತೀನಿ ಅಂತಾಳೆ.”

ಅನುಮಾನ ಬಂದು ನಾನು ಆ ಪುಟವನ್ನು ಕಂಪ್ಯೂಟರಿನಲ್ಲಿ ತೆರೆದು, ಮೇಲಿನಿಂದ ಕೆಳಗಿನವರೆಗೆ ಮೌಸ್ ಎಳೆದು ಎಲ್ಲವನ್ನೂ ಸೆಲೆಕ್ಟ್ ಮಾಡಿದೆ. ಖಾಲಿ ಎಂದುಕೊಂಡಿದ್ದ ತಳದಲ್ಲಿ, ಬಿಳಿಯ ಮೇಲೆ ಬಿಳಿ ಅಕ್ಷರದಲ್ಲಿ, ಏರ್‌ಪೋರ್ಟ್ ಪಾರ್ಕಿಂಗ್, ರೂಮು, ಟ್ಯಾಕ್ಸಿ ಎಂದು ಸಾಲುಗಟ್ಟಲೆ ಬರೆದಿತ್ತು. ವೆಬ್‌ಸೈಟು ಮಾಡಿದವನಿಗೆ ಫೋನು ಮಾಡಿ, ಅತ್ತಿಗೆಗೂ ಕೇಳಲೆಂದು ಸ್ಪೀಕರ್ ಹಾಕಿದೆ.

“ಅದು ಜನಕ್ಕೆ ಕಾಣಲ್ಲ ಗುರು. ಹುಡುಕೋ ಮಷೀನ್‌ಗೆ ಮಾತ್ರ.”

“ನಮ್ಮ ಹತ್ರ ಇಲ್ದೇ ಇರೋದನ್ನ ಮಷೀನ್‌ಗಾದ್ರೂ ಯಾಕೆ ಹೇಳ್ಬೇಕು?”

“ಎಲ್ಲಾರೂ ಹಾಕ್ತಾರೆ. ತೆಗೆದ್ರೆ ಹತ್ತನೇ ಪುಟಕ್ಕೆ ಹೋಗ್ತೀರ.”

“ಹೋಗ್ತೀವಿ ಬಿಡು.”

ಈ ಕೊನೆಯ ಮಾತು ನನ್ನದು ಎಂದೇ ನನ್ನ ನೆನಪು. ಅತ್ತಿಗೆಯ ನೆನಪಿನಲ್ಲಿ ಅದು ಅವರದು. ಯಾರದಾದರೂ ಆಗಲಿ, ಅದಕ್ಕಾಗಿ ಇಬ್ಬರೂ ಇವತ್ತಿಗೂ ಪಶ್ಚಾತ್ತಾಪಪಟ್ಟಿಲ್ಲ. ಆ ಸಾಲುಗಳನ್ನೆಲ್ಲ ಅಳಿಸಿದೆ. ಪಾರ್ಕಿಂಗ್ ಕೇಳುವವರೂ ನಿಂತುಹೋದರು. ಮುಂದಿನ ಭಾನುವಾರ ಅಣ್ಣ ಟೇಪು ತಂದು, ಸಸಿಗಳ ನಡುವೆ ನಡೆದಾಡುತ್ತ ಎಷ್ಟು ಕಾರು ಹಿಡಿಯುತ್ತದೆಂದು ಅಳೆದ. ಅತ್ತಿಗೆ ತಲೆ ಎತ್ತದೆ ಗೂಟಿ ಕಟ್ಟುತ್ತಲೇ ಇದ್ದರು.

ಅಂದೇ ಕೂತು ನಾನು ಹೊಸ ಪುಟ ಬರೆದೆ. ‘ಚಕ್ಕೋತವು ನಿಂಬೆಯ ಕುಟುಂಬಕ್ಕೆ ಸೇರಿದ ಸಸ್ಯವಾಗಿದ್ದು’ ಎಂದು ಶುರುವಾಗಿತ್ತು. ಅತ್ತಿಗೆ ಒಂದು ಸಾಲು ಓದಿ ಕೆಳಗಿಟ್ಟರು.

“ಹಿಂಗೆ ಯಾರು ಕೇಳ್ತಾರಪ್ಪಾ? ಸಂತೇಲಿ ನನ್ನ ಕೇಳೋದು ಬೀಜದ ಗಿಡಾನಾ ಗೂಟಿ ಗಿಡಾನಾ, ಎಷ್ಟ್ ವರ್ಷಕ್ಕೆ ಕಾಯಿ, ಒಳಗೆ ಕೆಂಪಾ ಬಿಳಿನಾ, ಇಷ್ಟೇ.”

ಆ ಪ್ರಶ್ನೆಗಳನ್ನೇ, ಅವರು ಆಡಿದ ಹಾಗೆಯೇ, ಕನ್ನಡದಲ್ಲೇ ಇಟ್ಟೆ. ಉತ್ತರಗಳೂ ಅವರವೇ: ‘ಬೀಜದ ಗಿಡ ಕೊಟ್ಟು ಒಳಗೆ ಕೆಂಪು ಅಂತ ಗ್ಯಾರಂಟಿ ಕೊಡೋರ ಹತ್ರ ತಗೋಬೇಡಿ.’ ಇಂಗ್ಲಿಷಿನಲ್ಲಿ ಇಲ್ಲದಿದ್ದರೆ ಯಾವ ನಾಯಿಯೂ ಮೂಸುವುದಿಲ್ಲ ಎಂದ ಅಣ್ಣ. ಮೂಸದಿದ್ದರೆ ಬೇಡ ಎಂದೆ. ನಮ್ಮ ತಾಲ್ಲೂಕಿನ ಹಣ್ಣು ನಮ್ಮ ಮಾತಿನಲ್ಲಿ ಸಿಗಬಾರದೆಂದರೆ ಆ ಹುಡುಕಾಟ ಯಾರಿಗಾಗಿ?

ಕೆಲವು ವಾರ ಏನೂ ಆಗಲಿಲ್ಲ. ಆಮೇಲೆ ಸೂಲಿಬೆಲೆ ಕಡೆಯವರೊಬ್ಬರು ಫೋನು ಮಾಡಿ, ನಮಸ್ಕಾರವನ್ನೂ ಹೇಳದೆ, “ಒಳಗೆ ಕೆಂಪಾ?” ಎಂದರು. ಅತ್ತಿಗೆ ಫೋನಿಗೆ ಕೈ ಅಡ್ಡ ಹಿಡಿದು ನನ್ನತ್ತ ನೋಡಿದರು. ಮಳೆ ಮುಗಿಯುವ ಹೊತ್ತಿಗೆ ಮಾರುವ ಸಸಿ ಉಳಿದಿರಲಿಲ್ಲ. ಅಣ್ಣ ಪಾರ್ಕಿಂಗ್ ಮಾತು ಬಿಟ್ಟ.

ಇದು ಆ ಪುಟದಿಂದಲೇ ಆಯಿತೆಂದು ನಾನು ಪ್ರಮಾಣ ಮಾಡಲಾರೆ. ಸೂಲಿಬೆಲೆಯವರು ಹಾಲಿನ ಡೇರಿಯಲ್ಲಿ ನಾಲ್ಕು ಜನಕ್ಕೆ ಹೇಳಿರಬಹುದು. ಬಂದವರನ್ನು ಕೇಳಿದರೆ ಒಬ್ಬರು ಫೋನಿನಲ್ಲಿ ನೋಡಿದೆ ಎಂದರು, ಇನ್ನೊಬ್ಬರು ಯಾರೋ ಹೇಳಿದರು ಎಂದರು. ನನ್ನ ಫೋನಿನ ಸಾಕ್ಷಿಯನ್ನಂತೂ ನಾನು ನಂಬುವುದಿಲ್ಲ. ಹಾಗಾಗಿ ಬೇರೆ ಕೆಲಸಕ್ಕೆ ದೊಡ್ಡಬೆಳವಂಗಲಕ್ಕೆ ಹೋದಾಗ, ಹೋಟೆಲಿನಲ್ಲಿ ಎದುರು ಕೂತು ಇಡ್ಲಿ ತಿನ್ನುತ್ತಿದ್ದ ಅಪರಿಚಿತರೊಬ್ಬರನ್ನು ಅವರ ಫೋನಿನಲ್ಲಿ ಒಮ್ಮೆ ಹುಡುಕಿ ನೋಡಿ ಎಂದು ಕೇಳಿಕೊಂಡೆ. ಅವರು ಎಡಗೈಯಲ್ಲಿ ಫೋನು ಹಿಡಿದು “ಚಕ್ಕೋತ ಗೂಟಿ ಗಿಡ” ಎಂದರು. ಮೇಲಿನಿಂದ ಮೂರನೆಯದು ಅತ್ತಿಗೆಯದು.