ಕಟ್ಟು ಅವರಿಗೆ, ಕಾಳು ನಮಗೆ

ನೆನೆಸಿದ ಅವರೆಕಾಳನ್ನು ಎರಡು ಬೆರಳ ನಡುವೆ ಹಿಡಿದು ಮೆಲ್ಲಗೆ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪಾತ್ರೆಗೆ ಹಾರುತ್ತದೆ. ಒಂದೊಂದು ಗುರಿ ತಪ್ಪಿ ಅತ್ತೆಯವರ ಮಡಿಲಿಗೂ ಬೀಳುವುದುಂಟು. ಇವತ್ತು ಬೆಳಿಗ್ಗೆ ಅತ್ತೆ ಸೊಸೆ ಇಬ್ಬರೂ ಹಾಗೆ ಅವರೆ ಹಿತುಕುತ್ತ ಕೂತಿದ್ದಾಗ ಫೋನು ಬಂತು. ಬೆಂಗಳೂರಿನ ಆಸ್ಪತ್ರೆಯ ಡಯಟಿಷಿಯನ್ ಹುಡುಗಿ, ನಮ್ಮವರ ಪಥ್ಯ ನೋಡಿಕೊಳ್ಳುವವಳು.

"ಅಮ್ಮಾ, ಸಾರ್ ಅವರ ರಕ್ತದ ರಿಪೋರ್ಟ್ ಬಂದಿದೆ. ಡಾಕ್ಟರ್ ಹತ್ರ ಒಂದ್ ಮಾತು ಕೇಳಿ ಹೇಳ್ತೀನಿ, ಲೈನಲ್ಲೇ ಇರಿ," ಎಂದಳು. ಫೋನಿನೊಳಗೆ ಟಿಣಿಟಿಣಿ ಸಂಗೀತ ಶುರುವಾಯಿತು.

ಡಾಕ್ಟರನ್ನು ಕೇಳಿ ಹೇಳುವಂಥದ್ದೇನಿರಬಹುದು? ನೀವೂ ಆಸ್ಪತ್ರೆಯ ಫೋನು ಹಿಡಿದು ಕಾದವರಾದರೆ ಆ ಸಂಗೀತ ಎಷ್ಟು ಉದ್ದವೆಂದು ನಾನು ಹೇಳಬೇಕಾಗಿಲ್ಲ. ಅದು ಮುಗಿಯುವುದರೊಳಗೆ ನಿಮಗೆ ನನ್ನ ತಪ್ಪೊಂದನ್ನು ಹೇಳಿಬಿಡುತ್ತೇನೆ.

ನಮ್ಮ ಯಜಮಾನರು ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ರೇಷ್ಮೆಗೂಡು ಕೊಂಡು ನೂಲು ತೆಗೆಸುವವರು. ಒಂದು ದಿನ ಸ್ನೇಹಿತರು ತಮಾಷೆಗೆ ಅವರನ್ನು ಗೂಡು ತೂಗುವ ತಕ್ಕಡಿಯ ಮೇಲೆ ಹತ್ತಿಸಿದರಂತೆ. ನೂರ ಇಪ್ಪತ್ತೆಂಟು ಕಿಲೋ. "ಅಣ್ಣನ್ನ ಎಷ್ಟಕ್ಕೆ ಕೂಗಣಪ್ಪಾ?" ಎಂದು ಹರಾಜು ಕೂಗುವವರ ಹಾಗೆ ಒಬ್ಬ ಕೇಳಿದನಂತೆ. ಮನೆಗೆ ಬಂದು ನಗುತ್ತಲೇ ಹೇಳಿದರು, ಆದರೆ ಅವತ್ತು ಎರಡನೆಯ ಮುದ್ದೆ ಬೇಡವೆಂದರು. ಸಕ್ಕರೆ, ಬಿಪಿ, ಮಂಡಿನೋವು, ನಿದ್ದೆಯಲ್ಲಿ ಉಸಿರು ಕಟ್ಟುವುದು, ಯಾವುದಕ್ಕೂ ಕೊರತೆಯಿರಲಿಲ್ಲ. ಪಥ್ಯ ಮಾಡಿ ನೋಡಿದೆವು, ನಡೆದು ನೋಡಿದೆವು. ಕಡೆಗೆ ಹೋದ ವರ್ಷ ಸಂಕ್ರಾಂತಿ ಕಳೆದ ಮೇಲೆ ಹೊಟ್ಟೆ ಚಿಕ್ಕದು ಮಾಡುವ ಆಪರೇಷನ್ ಆಯಿತು. "ಇನ್ನು ನಿಮ್ಮೆಜಮಾನ್ರ ಹೊಟ್ಟೆ ಒಂದು ಬಾಳೆಕಾಯಿಯಷ್ಟು," ಎಂದರು ಡಾಕ್ಟರು. ನಾನು ಕೈವಾರದ ನಾರಾಯಣನ ದಿಕ್ಕಿಗೆ ತಿರುಗಿ ಕೈಮುಗಿದೆ. ಬಾಳೆಕಾಯಿಯಷ್ಟಾದರೂ ಉಳಿಸಿದೆಯಲ್ಲಪ್ಪ, ಅದೇ ಪುಣ್ಯ.

ಆಸ್ಪತ್ರೆಯಿಂದ ಬರುವಾಗ ಆ ಹುಡುಗಿ ಒಂದು ಚಾರ್ಟು ಕೊಟ್ಟಳು. ದಿನಕ್ಕೆ ಅರವತ್ತರಿಂದ ಎಂಬತ್ತು ಗ್ರಾಂ ಪ್ರೊಟೀನು. ಎರಡು ಲೀಟರ್ ನೀರು, ಅದೂ ಗುಟುಕು ಗುಟುಕಾಗಿ, ಊಟದ ಜೊತೆ ಕೂಡದು, ಉಂಡು ಅರ್ಧ ಗಂಟೆಯವರೆಗೂ ಕೂಡದು. ವಿಟಮಿನ್ ಮಾತ್ರೆ ದಿನಾ. ಕಬ್ಬಿಣದ ಮಾತ್ರೆಗೂ ಕ್ಯಾಲ್ಸಿಯಂ ಮಾತ್ರೆಗೂ ಎರಡು ಗಂಟೆ ಅಂತರವಿರಬೇಕು, ಜಗಳವಾಡಿದ ಓರಗಿತ್ತಿಯರ ಹಾಗೆ. ತಟ್ಟೆಯಲ್ಲಿ ಮೊದಲು ಪ್ರೊಟೀನು, ಆಮೇಲೆ ತರಕಾರಿ, ಹೊಟ್ಟೆಯಲ್ಲಿ ಜಾಗವಿದ್ದರೆ ಮಾತ್ರ ಅನ್ನ ಮುದ್ದೆ. ನಾನು ಅದನ್ನು ದೇವರ ಕ್ಯಾಲೆಂಡರಿನ ಪಕ್ಕದಲ್ಲೇ ಅಂಟಿಸಿ, ದೀಪ ಹಚ್ಚಿದ ಮೇಲೆ ದಿನಾ ಒಂದು ಸಲ ಓದುತ್ತಿದ್ದೆ. ಓದುವುದು ಬೇರೆ, ತಿಳಿಯುವುದು ಬೇರೆ ಎಂದು ಆಗ ಗೊತ್ತಿರಲಿಲ್ಲ.

ಮೊದಲ ಎರಡು ವಾರ ಬರೀ ತಿಳಿಯಾದದ್ದೇ ಕೊಡಬೇಕಿತ್ತು. ಅದಕ್ಕೆ ನಮ್ಮತ್ತೆಯವರ ಬಳಿ ಮದ್ದು ತಯಾರಿತ್ತು. ನಮ್ಮ ಕಡೆ ಬಸ್ಸಾರು ಮಾಡುವಾಗ ಹುರುಳಿಯನ್ನೋ ಹೆಸರುಕಾಳನ್ನೋ ಬೇಯಿಸಿ ನೀರು ಬಸಿಯುತ್ತೇವೆ. ಆ ನೀರೇ ಕಟ್ಟು; ಅದರಲ್ಲಿ ಸಾರು. ಉಳಿದ ಕಾಳಿಗೆ ಒಗ್ಗರಣೆ ಹಾಕಿದರೆ ಪಲ್ಯ. ಬಾಣಂತಿಗೆ ಕಟ್ಟು, ಜ್ವರದವರಿಗೆ ಕಟ್ಟು, ಗದ್ದೆಯಲ್ಲಿ ದುಡಿದು ಬಂದ ಎತ್ತಿಗೂ ಕಟ್ಟು. "ಸಾರವೆಲ್ಲಾ ಕಟ್ಟಲ್ಲೇ ಐತೆ ಕಣಮ್ಮಾ. ಕಾಳಲ್ಲಿ ಏನೈತೆ, ಬರೀ ಹೊಟ್ಟು," ಎನ್ನುತ್ತಿದ್ದರು ಅತ್ತೆ. ಚಿಂತಾಮಣಿ ಕಡೆಯವರು ಅವರು. ಮಗನ ತಲೆ ಸವರಿ "ತಾಗರಾ ನಾಯನಾ" ಎಂದು ತೆಲುಗಿನಲ್ಲಿ ಕುಡಿಸುತ್ತಿದ್ದರು.

ಎರಡು ವಾರವಾಯಿತು. ಚಾರ್ಟು ಈಗ ನುಣ್ಣಗೆ ಅರೆದ ಬೇಳೆ, ಮೊಟ್ಟೆ, ಪನೀರು ಎನ್ನತೊಡಗಿತು. ನಾನು ಯೋಚಿಸಿದೆ: ಹೊಲಿಗೆ ಹಾಕಿದ ಹಸಿ ಹೊಟ್ಟೆ, ಅದಕ್ಕೆ ಹೊಟ್ಟು ಯಾಕೆ ತುಂಬಲಿ, ಸಾರವನ್ನೇ ಕೊಟ್ಟರಾಯಿತಲ್ಲ! ಅವರಿಗೂ ಕಟ್ಟೇ ಇಷ್ಟ. ಅಗಿಯುವ ಗೋಜಿಲ್ಲ. ಮುದ್ದೆ ನುಂಗುವ ಜನ ನಾವು. ಮಕ್ಕಳು ಅಗಿದರೆ "ಹಲ್ಲಿಗೆ ಅಂಟ್ತದೆ, ನುಂಗೋ" ಎಂದು ಗದರುತ್ತೇವೆ. ಐವತ್ತು ವರ್ಷ ನುಂಗಿದವರಿಗೆ ಒಂದು ತುತ್ತನ್ನು ಇಪ್ಪತ್ತೈದು ಸಲ ಅಗಿ ಎಂದು ಆಸ್ಪತ್ರೆಯವರು ಹೇಳಿದರೆ ಹೇಗೆ? ಡಬ್ಬದ ಪ್ರೊಟೀನ್ ಪುಡಿ ಕೊಟ್ಟರೆ ಮುಖ ಸಿಂಡರಿಸಿ, "ಎಳೇ ಮಕ್ಕಳ ಬಾಯಿ ವಾಸನೆ ಬರ್ತದೆ, ಬೇಡ ಕಣೇ," ಎಂದರು. ಸೋಮವಾರ ಶನಿವಾರ ನಮ್ಮ ಮನೆಯಲ್ಲಿ ಮೊಟ್ಟೆ ಒಡೆಯುವುದಿಲ್ಲ. ಉಳಿದ ದಿನಗಳಲ್ಲೂ ನಾನು ಒತ್ತಾಯಿಸಲಿಲ್ಲ. ಕಟ್ಟಿದೆಯಲ್ಲ.

ತೂಕ ಸರಸರ ಇಳಿಯಿತು. ನೆಂಟರೆಲ್ಲ ಭೇಷ್ ಎಂದರು. ಆದರೆ ಮೂರನೆಯ ತಿಂಗಳಿಗೆ ಬಾಚಣಿಗೆಯ ತುಂಬ ಕೂದಲು ಬರತೊಡಗಿತು. ಕೆನ್ನೆ ಒಳಗೆ ಹೋಗಿ, ಕಣ್ಣುಗಳು ಮಾತ್ರ ದೊಡ್ಡವಾಗಿ ಕಂಡವು. ಒಂದು ಮಧ್ಯಾಹ್ನ ಮಾರುಕಟ್ಟೆಯಲ್ಲಿ ಗೂಡಿನ ಜಾಲರಿಗೆ ಕೈ ಹಾಕಿದವರು ಹಾಗೇ ಕುಸಿದು ಕೂತರಂತೆ. ಆಟೋದಲ್ಲಿ ಕರೆತಂದರು. ಅವರ ಕೈ ಹಿಡಿದುಕೊಂಡೆ. ನಾನು ಕೊಟ್ಟ ನೀರಿನ ಲೋಟ ಆ ಕೈಯಲ್ಲಿ ನಿಲ್ಲಲಿಲ್ಲ. ದೇವರೇ, ದಪ್ಪಗಿದ್ದರೂ ಇದ್ದರಲ್ಲ, ಯಾಕೆ ಒಪ್ಪಿದೆ ಈ ಆಪರೇಷನ್ನಿಗೆ ಎಂದು ಅಡುಗೆಮನೆಯಲ್ಲಿ ಕೂತು ಕಣ್ಣೀರು ಹಾಕಿದೆ.

ಮಾರನೆಯ ದಿನವೇ ಬೆಂಗಳೂರಿಗೆ ಹೋದೆವು. ರಕ್ತ ಪರೀಕ್ಷೆ ಮಾಡಿ ಪ್ರೊಟೀನು ತೀರಾ ಕೆಳಗಿದೆ ಎಂದರು. ಆ ಹುಡುಗಿ ನನ್ನನ್ನು ಎದುರಿಗೆ ಕೂರಿಸಿಕೊಂಡಳು.

"ದಿನಾ ಏನ್ ಕೊಡ್ತೀರಮ್ಮ?"

"ಬೆಳಿಗ್ಗೆ ಹುರುಳಿ ಕಟ್ಟು. ಮಧ್ಯಾಹ್ನ ಹೆಸರುಕಾಳು ಕಟ್ಟು. ಸಂಜೆ ತೊಗರಿ ಕಟ್ಟು," ಎಂದೆ ಹೆಮ್ಮೆಯಿಂದಲೇ. ಮೂರು ಹೊತ್ತಿಗೆ ಮೂರು ಥರ, ಕಡಿಮೆಯೇ?

ಅವಳು ಬರೆಯುವುದನ್ನು ನಿಲ್ಲಿಸಿದಳು. "ಕಟ್ಟು ಅಂದ್ರೆ ಬೇಯಿಸಿದ ನೀರಲ್ವಾ? ಕಾಳು?"

"ಪಲ್ಯ ಮಾಡ್ತೀವಿ."

"ಅದನ್ನ ಯಾರ್ ತಿಂತಾರೆ?"

"ನಾನು, ನಮ್ಮತ್ತೆ."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆ ಮೂರು ತಿಂಗಳಲ್ಲಿ ನನ್ನ ರವಿಕೆಗಳೆಲ್ಲ ಬಿಗಿಯಾಗಿದ್ದವು. "ಚೆನ್ನಾಗಿದೆ ಕಣಮ್ಮ, ಆಪರೇಷನ್ ಅವರಿಗೆ, ಪ್ರೊಟೀನ್ ನಿಮಗೆ!" ಎಂದಳು. ಪಕ್ಕದಲ್ಲಿ ತಲೆ ಒರಗಿಸಿ ಕೂತಿದ್ದ ನಮ್ಮವರು ಅಷ್ಟು ಸುಸ್ತಿನಲ್ಲೂ ನಕ್ಕುಬಿಟ್ಟರು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಗಂಡನ ಬಲವನ್ನು ಒಗ್ಗರಣೆ ಹಾಕಿ, ಕಾಯಿತುರಿ ಉದುರಿಸಿಕೊಂಡು ತಿಂದವಳು ನಾನು.

ಆಮೇಲೆ ಅವಳು ಬೈಯದೆ ಬಿಡಿಸಿ ಹೇಳಿದಳು. ಕಟ್ಟಿನಲ್ಲಿ ರುಚಿಯಿದೆ, ಒಂದಿಷ್ಟು ಉಪ್ಪು ಖನಿಜವಿದೆ. ಮೈ ಕಟ್ಟುವ ಪ್ರೊಟೀನು ಬಹುಪಾಲು ಕಾಳಿನಲ್ಲೇ ನಿಲ್ಲುತ್ತದೆ. ಅದಿಲ್ಲದಿದ್ದರೆ ಇಳಿಯುವುದು ಕೊಬ್ಬು ಮಾತ್ರವಲ್ಲ, ತೋಳು ತೊಡೆಯ ಮಾಂಸಖಂಡವೂ ಕರಗುತ್ತದೆ. "ತೂಕ ಇಳಿದಿದ್ದು ನೋಡಿ ಖುಷಿ ಪಡಬೇಡಿ ಅಮ್ಮ, ಏನು ಇಳೀತು ಅಂತ ನೋಡಿ," ಎಂದಳು.

ಇದನ್ನು ಅತ್ತೆಯವರಿಗೆ ಹೇಗೆ ಹೇಳುವುದೆಂದು ಬಸ್ಸಿನ ದಾರಿಯುದ್ದಕ್ಕೂ ಚಿಂತೆ. ಹೇಳಿದೆ. ಅವರು ಎದ್ದು ಹೋದರು. ಮಾರನೆಯ ಬೆಳಿಗ್ಗೆ ನೋಡಿದರೆ ಹುರುಳಿ ಕಾಳನ್ನು ತಾವೇ ನುಣ್ಣಗೆ ರುಬ್ಬಿ ಮಗನ ಬಟ್ಟಲಿಗೆ ಹಾಕಿ, ಕಟ್ಟನ್ನು ತಮ್ಮ ಲೋಟಕ್ಕೆ ಬಸಿದುಕೊಂಡು ಕೂತಿದ್ದರು. "ನಂಗೆ ಹಲ್ಲೆಲ್ಲೈತೆ? ನಂಗೆ ಇದೇ ಸರಿ," ಎಂದರು. ಎಪ್ಪತ್ತು ದಾಟಿದ ಹೆಂಗಸು ತಪ್ಪೊಪ್ಪಿಕೊಳ್ಳುವುದಕ್ಕೆ ಇದಕ್ಕಿಂತ ಹೆಚ್ಚೇನು ಬೇಕು?

ಅಗಿಯಿಸುವ ಕೆಲಸ ಮಾತ್ರ ನನ್ನ ಪಾಲಿಗೆ ಬಂತು. ನಾನು ಜಪಮಾಲೆ ಹಿಡಿದು ಅವರ ಎದುರಿಗೆ ಕೂತೆ. ಇಪ್ಪತ್ತೈದರ ಬದಲು ಒಂದು ತುತ್ತಿಗೆ ಇಪ್ಪತ್ತೇಳು ನಾರಾಯಣ, ನಾಲ್ಕು ತುತ್ತಿಗೆ ನೂರೆಂಟು ಮಣಿಯ ಒಂದು ಮಾಲೆ. ನಡುವೆ ನುಂಗಿದರೆ ನನಗೆ ಗಂಟಲು ನೋಡಿಯೇ ಗೊತ್ತಾಗುತ್ತಿತ್ತು. "ಹದಿನಾಲ್ಕಕ್ಕೇ ನುಂಗಿದ್ರಿ!" ಎಂದರೆ, "ದೇವರ ಹೆಸರು ಬೇಗ ಬೇಗ ಹೇಳೇ, ತುತ್ತು ನೀರಾಗೋಯ್ತು," ಎನ್ನುವರು. ಒಂದು ಸಲ ಗೌರಿಬಿದನೂರಿನಲ್ಲಿ ನಾದಿನಿಯ ಮನೆಯ ಊಟದಲ್ಲಿ ಎಲ್ಲರೂ ಕೈ ತೊಳೆದರೂ ಇವರು ಅಗಿಯುತ್ತಲೇ ಇದ್ದರು. "ಏನ್ ಭಾವ, ಮೆಲುಕು ಹಾಕ್ತಿದ್ದೀರಾ?" ಎಂದ ನಾದಿನಿಯ ಗಂಡ. "ಹೂಂ ಕಣಪ್ಪ, ನಿಮ್ಮಕ್ಕ ಗೂಟಕ್ಕೆ ಕಟ್ಟವ್ಳೆ," ಎಂದರು ಇವರು. ನಾನು ಮಾಲೆಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು ಎಣಿಸುತ್ತಲೇ ಇದ್ದೆ.

ಮೊಟ್ಟೆಯ ವಿಚಾರ ದೇವರನ್ನೇ ಕೇಳಿ ಒಂದು ದಾರಿ ಮಾಡಿಕೊಂಡೆ. ಸೋಮವಾರ ಶನಿವಾರ ಪನೀರು, ಮೊಸರು, ಮಜ್ಜಿಗೆಯಲ್ಲಿ ಕದಡಿದ ಆ ಪುಡಿ. ಉಳಿದ ದಿನ ಎರಡು ಮೊಟ್ಟೆ, ಕೋಳಿ. ಹಾಗೆ ಕೂಡಿಸಿ ಕೂಡಿಸಿ ಎಪ್ಪತ್ತು ಗ್ರಾಂ ಮುಟ್ಟಿದ ದಿನ ತುಪ್ಪದ ದೀಪ ಹಚ್ಚುತ್ತಿದ್ದೆ. ಕೆಲವು ದಿನ ಐವತ್ತಕ್ಕೇ ಬಾಯಿ ಮುಚ್ಚಿಬಿಡುತ್ತಿದ್ದರು. ಆಗ ಎಣ್ಣೆ ದೀಪ.

"ಹಲೋ ಅಮ್ಮಾ, ಇದ್ದೀರಾ?"

ಸಂಗೀತ ನಿಂತಿತ್ತು. "ಹೇಳಮ್ಮ," ಎಂದೆ.

"ಪ್ರೊಟೀನ್ ನಾರ್ಮಲ್, ಹಿಮೋಗ್ಲೋಬಿನ್ ನಾರ್ಮಲ್, ಸಕ್ಕರೆ ನಾರ್ಮಲ್. ಬಿ ಟ್ವೆಲ್ವ್ ಒಂದು ಸ್ವಲ್ಪ ಕಮ್ಮಿ ಇದೆ, ಅದಕ್ಕೇ ಡಾಕ್ಟರನ್ನ ಕೇಳ್ದೆ. ಇಂಜೆಕ್ಷನ್ ಬರೀತಾರೆ, ಭಯ ಏನಿಲ್ಲ. ಮಾತ್ರೆ ಮಾತ್ರ ಜೀವನಪೂರ್ತಿ, ಮರೀಬೇಡಿ. ಇನ್ನು ಆರು ತಿಂಗಳಿಗೆ ಬನ್ನಿ."

"ಏನಂತೆ?" ಎಂದರು ಅತ್ತೆ. ಹೇಳಿದೆ. ಅವರು ಕಣ್ಣು ಒರೆಸಿಕೊಂಡು, "ಈ ಅವರೆ ಸೊಗಡು ಕಣ್ಣಿಗೆ ಉರಿ," ಎಂದರು.

ಹಿತ್ತಲಲ್ಲಿ ಒಗೆಯುವ ಕಲ್ಲಿನ ಮೇಲೆ ಮೂರು ರಗ್ಗುಗಳು ಕಾದಿದ್ದವು. ಹೋಗಿ ಒಂದನ್ನು ಜಾಲಿಸಿದೆ. ಒದ್ದೆ ರಗ್ಗನ್ನು ಒಬ್ಬರೇ ಹಿಂಡಲಾಗದು. ನಮ್ಮವರು ಬಂದು ಇನ್ನೊಂದು ತುದಿ ಹಿಡಿದರು. ಅವರು ಅತ್ತ ತಿರುಚಿದರು, ನಾನು ಇತ್ತ. ನೀರು ಧಾರೆಯಾಗಿ ಸುರಿಯಿತು. ಅವರು ಇನ್ನೊಂದು ಸುತ್ತು ತಿರುಚಿದರು. ನನ್ನ ಕೈಯಿಂದ ತುದಿ ಸರಕ್ಕನೆ ಜಾರಿಹೋಯಿತು.

"ಗಟ್ಟಿಯಾಗ್ ಹಿಡ್ಕೊಳೇ, ಇಷ್ಟೇನಾ ನಿನ್ ಶಕ್ತಿ?" ಎಂದರು.

ಇಷ್ಟೇ, ಎಂದೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ತುದಿಯನ್ನು ಮತ್ತೆ ಹಿಡಿದೆ. ಇನ್ನೂ ಎರಡು ರಗ್ಗು ಬಾಕಿ ಇದ್ದವು.